ಕನ್ನಂಬಾಡಿಯ ಕೆಳಗೆ ಎರಡು ಮೊಟ್ಟೆ

ಪಾಂಡವಪುರದ ಹತ್ತಿರ ಗದ್ದೆ ಮಾಡುವ ನನ್ನ ಚಿಕ್ಕಪ್ಪ ಪೇಪರ್ ಕೈಗೆ ಬಂದರೆ ಮೊದಲು ಹುಡುಕುವುದು ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್‌ನ, ನೀರಿನ ಮಟ್ಟವನ್ನು. ಗರಿಷ್ಠ 124.80 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಕಟ್ಟೆಯನ್ನು ಇಷ್ಟು ಬಲ್ಲ ಮನುಷ್ಯ ಅದರ ಕೆಳಗೇ ಇರುವ ರಂಗನತಿಟ್ಟು ಪಕ್ಷಿಧಾಮವನ್ನು ಒಮ್ಮೆಯೂ ನೋಡಿರಲಿಲ್ಲ. “ಕೊಕ್ಕರೆ ನೋಡುವುದಕ್ಕೂ ದುಡ್ಡು ಕೊಡಬೇಕೇನು? ನಮ್ಮ ಗದ್ದೆಗೇ ಬರುತ್ತವಲ್ಲ” ಎನ್ನುವರು. ಮಾರ್ಚ್‌ನಲ್ಲಿ ನಾಮಕರಣಕ್ಕೆಂದು ಮೈಸೂರಿಗೆ ಬಂದಿದ್ದ ಅವರನ್ನು ಊರಿಗೆ ಬಿಟ್ಟುಬರುವ ನೆಪದಲ್ಲಿ ಕಾರನ್ನು ಪಾಲಹಳ್ಳಿಯ ಕಡೆ ತಿರುಗಿಸಿದೆ.

ದೋಣಿ ಹತ್ತಿದವರು ಮೊದಲು ಕೇಳಿದ್ದು ಹಕ್ಕಿಯ ಹೆಸರನ್ನಲ್ಲ, “ಇಲ್ಲಿ ಆಳ ಎಷ್ಟು?” ಎಂದು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆ ಕಂಡ ಮೇಲೆ ಆ ಪ್ರಶ್ನೆಯೂ ನಿಂತಿತು. ಮರಗಳ ತುಂಬ ಬಣ್ಣದ ಕೊಕ್ಕರೆಗಳು. ಒಂದು ಗೂಡಿನಲ್ಲಿ ತಾಯಿ ಬಿಸಿಲಿಗೆ ಬೆನ್ನು ಕೊಟ್ಟು ರೆಕ್ಕೆಗಳನ್ನು ಅರ್ಧ ಬಿಚ್ಚಿ ನಿಂತಿತ್ತು. ಆ ನೆರಳಿನಲ್ಲಿ ಮೂರು ಮರಿಗಳು ಕತ್ತು ಚಾಚಿ ಏದುಸಿರು ಬಿಡುತ್ತಿದ್ದವು. ಚಿಕ್ಕಪ್ಪ ತಲೆಯ ಟವೆಲ್ ತೆಗೆದು ಬೆವರು ಒರೆಸಿಕೊಂಡು ಅದನ್ನೇ ನೋಡುತ್ತ ಕುಳಿತರು.

ಹೊಳೆಯ ನಡುವಿನ ಈ ತಿಟ್ಟುಗಳು ತಾವಾಗಿ ಹುಟ್ಟಿದವಲ್ಲ. 1640ರ ದಶಕದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಕಾವೇರಿಗೆ ಒಡ್ಡು ಕಟ್ಟಿದಾಗ ನೀರಿನ ನಡುವೆ ಉಳಿದ ನೆಲ. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿಗೆ ಕಿವಿಗೊಟ್ಟು ಮೈಸೂರು ಅರಸರು 1940ರಲ್ಲಿ ಇದನ್ನು ಪಕ್ಷಿಧಾಮವಾಗಿಸಿದರು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೂ ಸೇರಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಹೊಳೆ ಸುಮ್ಮನಿರುತ್ತದೆಯೇ? ಅದಕ್ಕೂ ಮೊದಲು, 2019ರ ಆಗಸ್ಟ್‌ನಲ್ಲಿ, ಕಟ್ಟೆಯಿಂದ ಒಂದು ಲಕ್ಷ ಕ್ಯೂಸೆಕ್‌ಗೂ ಮೀರಿ ನೀರು ಬಿಟ್ಟಾಗ ತಿಟ್ಟುಗಳು ಮುಳುಗಿದ್ದವು. ಕೊರೆದುಹೋದ ಅಂಚುಗಳಿಗೆ ಮರಳಿನ ಚೀಲ ಪೇರಿಸಿ ಮಣ್ಣು ಉಳಿಸಿಕೊಳ್ಳುವ ಕೆಲಸ ಇಲ್ಲಿ ಹೊಸದಲ್ಲ. ಒಡ್ಡು ಕೊಟ್ಟ ನೆಲವನ್ನು ಕಟ್ಟೆಯ ನೀರು ಒಯ್ಯುತ್ತದೆ, ಚೀಲ ಹೊತ್ತು ಮತ್ತೆ ತುಂಬಬೇಕು. ಬದು ಕಿತ್ತುಹೋದ ಗದ್ದೆಯ ಕಥೆಯೇ ಇದು ಎಂದು ಚಿಕ್ಕಪ್ಪನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಹಿಂದಿರುಗುವಾಗ ದೋಣಿಯವರು ಹುಟ್ಟು ನಿಲ್ಲಿಸಿ ತಗ್ಗಾದ ಒಂದು ಬಂಡೆ ತೋರಿಸಿದರು. ಕಡ್ಡಿಯಿಲ್ಲ, ಹುಲ್ಲಿಲ್ಲ, ಬರಿಯ ಕಲ್ಲಿನ ತಗ್ಗಿನಲ್ಲಿ ಕಂದು ಚುಕ್ಕಿಯ ಎರಡು ಮೊಟ್ಟೆ. ಹಳದಿ ಕೊಕ್ಕಿನ ರೀವ (ರಿವರ್ ಟರ್ನ್) ಹಕ್ಕಿ ನಮ್ಮ ತಲೆಯ ಮೇಲೆಯೇ ಕಿರುಚುತ್ತ ಸುತ್ತಿತು.

“ನೀರಿನಿಂದ ಎಷ್ಟು ಮೇಲಿದೆ ಇದು?” ಎಂದರು ಚಿಕ್ಕಪ್ಪ.

“ಒಂದು ಮೊಳ ಇರಬಹುದು ಸ್ವಾಮಿ. ಇದ್ದಕ್ಕಿದ್ದಂತೆ ನೀರು ಬಿಟ್ಟರೆ ಹೋಯಿತು.”

ಚಿಕ್ಕಪ್ಪ ಮಾತಾಡಲಿಲ್ಲ. ಬೇಸಿಗೆಯಲ್ಲಿ ನೀರು ಬಿಡಿ ಎಂದು ರಸ್ತೆಯಲ್ಲಿ ಕುಳಿತವರು ಅವರು. ಅದು ನಾಲೆಯ ನೀರು, ಹೊಳೆಯದಲ್ಲ ಎಂದು ನಾನೇ ಸಮಾಧಾನ ಹೇಳಿದೆ. ಕೇಳಿಸಿಕೊಂಡಂತೆ ಕಾಣಲಿಲ್ಲ.

ಹತ್ತು ದಿನದ ಮೇಲೆ ಬೆಳಿಗ್ಗೆ ಆರೂವರೆಗೆ ಫೋನ್ ಬಂತು. “ಪೇಪರ್ ನೋಡಿದೆಯಾ? ಹೊರಹರಿವು ಜಾಸ್ತಿ ಮಾಡಿದ್ದಾರೆ. ಹೊಳೆಗೆಷ್ಟು, ನಾಲೆಗೆಷ್ಟು ಎಂದು ಬರೆದಿಲ್ಲ. ನೀನು ಮೈಸೂರಿನಲ್ಲೇ ಇದ್ದೀಯಲ್ಲ, ಒಂದು ಸಲ ಹೋಗಿ ನೋಡಿಕೊಂಡು ಬಾ.”