ಮೀನಿನ ಟ್ಯಾಂಕಿನ ನೀರಿನಲ್ಲಿ 94 ವೋಲ್ಟ್

ಅವರೆಕಾಯಿ ಕಾಲ ಬಂತು ಅಂದರೆ ನಮ್ಮತ್ತೆಯ ಬೆರಳಿಗೆ ಬಿಡುವಿಲ್ಲ. ನೆನೆಸಿದ ಕಾಳು ಹಿತುಕಿ ಹಿತುಕಿ ಉಗುರಿನ ಪಕ್ಕದ ಚರ್ಮ ಬಿಟ್ಟಿರುತ್ತದೆ. ಅದೇ ಕೈಯಲ್ಲಿ ಮೀನಿನ ಟ್ಯಾಂಕಿನಿಂದ ಒಂದು ಕೊಳೆತ ಎಲೆ ತೆಗೆಯಲು ಹೋದವರು ಸಟಕ್ಕನೆ ಕೈ ಎಳೆದುಕೊಂಡರು. "ನೀರು ಜುಮ್ ಅಂತಿದೆ ಕಣೇ, ನೋಡು."

ನಮ್ಮನೆಯವರು ಬಂದು ಕೈ ಹಾಕಿದರು. ಏನೂ ಇಲ್ಲ. "ಅಮ್ಮಾ, ನಿಮಗೆ ಕೈ ಉರಿ ಇರ್ಬೇಕು" ಅಂದರು. ಅವರ ಕಾಲಲ್ಲಿ ಹವಾಯಿ ಚಪ್ಪಲಿ. ಅತ್ತೆ ನಿಂತಿದ್ದದ್ದು ಬರಿಗಾಲಲ್ಲಿ, ಆಗಷ್ಟೇ ಒರೆಸಿದ ರೆಡ್ ಆಕ್ಸೈಡ್ ನೆಲದ ಮೇಲೆ. ಕರೆಂಟು ಹರಿಯಲು ಒಂದು ದಾರಿ ಬೇಕು. ಅತ್ತೆಯ ಒದ್ದೆ ಕಾಲು ಆ ದಾರಿ ಕೊಟ್ಟಿತ್ತು, ರಬ್ಬರ್ ಚಪ್ಪಲಿ ಕೊಟ್ಟಿರಲಿಲ್ಲ. "ಹಾಗಾದ್ರೆ ಚಪ್ಪಲಿ ಬಿಟ್ಟು ಹಾಕಿ ನೋಡ್ಲಾ?" ಅಂದರು. ಬೇಡ ಅಂದು ಮೇನ್ ಆಫ್ ಮಾಡಿದೆ.

ನಾನು ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುವವಳು. ಮನೆ ಬೆಂಗಳೂರಿನ ಶ್ರೀನಗರದ ಕಡೆ, ಹಳೇ ಕಟ್ಟಡದ ಮೊದಲ ಮಹಡಿ, ಬಾಡಿಗೆ. ಟ್ಯಾಂಕ್ ಸುಮಾರು 100 ಲೀಟರಿನದು. ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಫಿಲ್ಟರ್, ಏರ್ ಪಂಪ್, ಎಲ್‌ಇಡಿ ಲೈಟು, 100 ವ್ಯಾಟಿನ ಹೀಟರ್. ಬೆಂಗಳೂರಿಗೆ ಹೀಟರ್ ಯಾಕೆ ಅಂತ ಕೇಳುವವರು ಡಿಸೆಂಬರ್ ರಾತ್ರಿಯಲ್ಲಿ ಒಮ್ಮೆ ಏಂಜಲ್ ಮೀನು ಸಾಕಿ ನೋಡಬೇಕು. ನೀರು ತಣ್ಣಗಾದರೆ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಏಳುತ್ತದೆ.

ಹೀಗಾದಾಗ ಎಲ್ಲರೂ ಮೊದಲು ಹುಡುಕುವುದು ಟೆಸ್ಟರ್. ನೀರಿಗೆ ಅದ್ದಿದರೆ ಅದರ ನಿಯಾನ್ ದೀಪ ಮಿಣುಕುತ್ತದೆ, ಮನೆಮಂದಿ ಎಲ್ಲ ಗಾಬರಿ. ಆದರೆ ಆ ದೀಪ ಹತ್ತಲು ಬೇಕಾದ ಕರೆಂಟು ತೀರಾ ಚೂರು. ಏನೂ ಅಪಾಯವಿಲ್ಲದ ಕಡೆಯೂ ಅದು ಹತ್ತುತ್ತದೆ. ಮಲ್ಟಿಮೀಟರ್ ಕೂಡ ಹೆಚ್ಚು ಕಮ್ಮಿ ಅಷ್ಟೇ. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಸಾಮಾನ್ಯವಾಗಿ 10 ಮೆಗಾಓಮ್. ಅಷ್ಟು ತಡೆ ಇರುವುದರಿಂದ ಅದು ಎಳೆಯುವ ಕರೆಂಟೂ ತೀರಾ ಚೂರು. ನೀರಿನ ಪಕ್ಕ ಒಂದು ಲೈವ್ ವೈರ್ ಸುಮ್ನೆ ಹಾದುಹೋದರೂ ಸಾಕು, ಅದು ಹತ್ತಾರು ವೋಲ್ಟ್ ತೋರಿಸಿಬಿಡುತ್ತದೆ. ಲ್ಯಾಬಿನಲ್ಲಿ ನಾವು ಅದಕ್ಕೆ ದೆವ್ವದ ವೋಲ್ಟೇಜ್ ಅನ್ನುತ್ತೇವೆ. ಅದರ ಹಿಂದೆ ಹೇಳಿಕೊಳ್ಳುವಂಥ ಕರೆಂಟೇ ಇರುವುದಿಲ್ಲ.

ಹಾಗಾಗಿ ಅಳೆಯುವ ಮೊದಲು ಅರ್ಥ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ವೈರು, ಸರಿಯಿದೆಯಾ ಅಂತ ನೋಡಿದೆ. ನೀರಿನ ವೋಲ್ಟೇಜ್ ಅಂದರೆ ನೀರಿಗೂ ಅರ್ಥ್‌ಗೂ ನಡುವಿನ ವ್ಯತ್ಯಾಸ. ಅರ್ಥೇ ಸುಳ್ಳಾದರೆ ಮುಂದಿನದೆಲ್ಲ ಸುಳ್ಳು. ಹಾಲ್‌ನ ಸಾಕೆಟ್‌ನಲ್ಲಿ ಫೇಸ್‌ಗೂ (ಕರೆಂಟು ತರುವ ಲೈವ್ ವೈರು) ನ್ಯೂಟ್ರಲ್‌ಗೂ (ವಾಪಸ್ ಒಯ್ಯುವ ವೈರು) ನಡುವೆ 231 ವೋಲ್ಟ್ ಬಂತು. ಫೇಸ್‌ಗೂ ಅರ್ಥ್‌ಗೂ ಹೆಚ್ಚು ಕಮ್ಮಿ ಅಷ್ಟೇ ಬರಬೇಕು. ಬಂದದ್ದು 130, ಅದೂ ಒಂದು ಕಡೆ ನಿಲ್ಲದೆ ಓಲಾಡುತ್ತಿತ್ತು. ಸಾಕೆಟ್ಟಿನ ಮೂರನೇ ತೂತು, ಅರ್ಥ್‌ನದು, ಬರೀ ಅಲಂಕಾರಕ್ಕೆ ಅಂತ ಗೊತ್ತಾಯಿತು. ಗೀಸರ್‌ನ 16 ಆಂಪ್ ಸಾಕೆಟ್ ಮಾತ್ರ ಸರಿಯಿತ್ತು: ಫೇಸ್‌ನಿಂದ ಅರ್ಥ್‌ಗೆ 230, ನ್ಯೂಟ್ರಲ್‌ನಿಂದ ಅರ್ಥ್‌ಗೆ 2 ವೋಲ್ಟ್ ಒಳಗೆ. ಅಲ್ಲಿನ ಅರ್ಥ್‌ನಿಂದ ಟ್ಯಾಂಕಿನ ತನಕ ಒಂದು ಉದ್ದ ವೈರ್ ಎಳೆದುಕೊಂಡು ಬಂದೆ. ವೈರಿಂಗ್ ಅಭ್ಯಾಸ ಇಲ್ಲದವರು ಇದಕ್ಕೆ ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

ಎಲ್ಲ ಆನ್ ಇದ್ದಾಗ ನೀರಿನಲ್ಲಿ 94 ವೋಲ್ಟ್. ಒಂದೊಂದೇ ಪ್ಲಗ್ ಕೀಳುತ್ತಾ ಬಂದೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಹಳೇ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಕೊಟ್ಟಿರುವುದುಂಟು. ಆಗ ಆಫ್ ಆಗಿದ್ದರೂ ಫೇಸ್ ಒಳಗೇ ಕೂತಿರುತ್ತದೆ. ಹೀಟರ್ ಕಿತ್ತಾಗ 37ಕ್ಕೆ ಇಳಿಯಿತು. ಫಿಲ್ಟರನ್ನೂ ಕಿತ್ತಾಗ 9. ಲೈಟೂ ಹೋದ ಮೇಲೆ ಒಂದೆರಡು.

ಇಷ್ಟಕ್ಕೇ ಫಿಲ್ಟರ್ ಮತ್ತು ಹೀಟರ್ ಎರಡನ್ನೂ ಎಸೆಯುವವರಿದ್ದಾರೆ. ನಾನು ಲ್ಯಾಬಿನಿಂದ 10 ಕಿಲೋಓಮಿನ ಒಂದು ದಪ್ಪ ಸಿಮೆಂಟ್ ರೆಸಿಸ್ಟರ್ ತಂದೆ, 10 ವ್ಯಾಟಿನದು. ಎಸ್.ಪಿ. ರೋಡಿನಲ್ಲಿ ಬಿಡಿಯಾಗಿ ಸಿಗುತ್ತದೆ. ಕಾಲು ವ್ಯಾಟಿನದು ತರಬೇಡಿ. ಪೂರ್ತಿ 230 ವೋಲ್ಟ್ ಬಿದ್ದರೆ ಈ ರೆಸಿಸ್ಟರಿನಲ್ಲಿ 5 ವ್ಯಾಟಿಗೂ ಜಾಸ್ತಿ ಶಾಖ ಹುಟ್ಟುತ್ತದೆ, ಸಣ್ಣದು ಸುಟ್ಟು ಕರಕಲಾಗುತ್ತದೆ. ಇದನ್ನು ಮೀಟರಿನ ಎರಡು ವೈರುಗಳ ನಡುವೆ ಜೋಡಿಸಿದೆ. ಹಿಂದೆ ನಿಜವಾದ ಕರೆಂಟಿದ್ದರೆ ಅದು ಇದರ ಮೂಲಕ ಹರಿದು ವೋಲ್ಟೇಜ್ ಉಳಿಯುತ್ತದೆ, ದೆವ್ವವಾದರೆ ಕುಸಿದುಬಿಡುತ್ತದೆ. ಫಿಲ್ಟರ್ ಒಂದನ್ನೇ ಹಾಕಿದಾಗ ಮೊದಲು 35 ಇದ್ದದ್ದು ಈಗ ಸೊನ್ನೆಗೆ ಬಂತು. ದೆವ್ವ ಓಡಿಹೋಯಿತು. ಹೀಟರ್ ಒಂದನ್ನೇ ಹಾಕಿದಾಗ 91 ಇದ್ದದ್ದು 46ಕ್ಕೆ ಬಂದು ಅಲ್ಲೇ ನಿಂತಿತು. 46 ವೋಲ್ಟ್, 10 ಕಿಲೋಓಮ್: 4.6 ಮಿಲಿಆಂಪ್. ಇದು ದೆವ್ವ ಅಲ್ಲ, ನಿಜವಾದ ಸೋರಿಕೆ. ಒಂದು ಮಿಲಿಆಂಪ್ ಆಸುಪಾಸಿಗೇ ಬೆರಳಿಗೆ ಜುಮ್ ಅನ್ನುತ್ತದೆ. 10ರ ಹತ್ತಿರ ಬಂದರೆ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲು ಆಗದೆ ಹೋಗಬಹುದು.

ಹೀಟರಿನ ಎರಡು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿದೆ. 91ರ ಬದಲು 139 ಬಂತು. ಎರಡನ್ನೂ ಕೂಡಿಸಿ ನೋಡಿ. 230! ಅಂದರೆ ಒಳಗಿನ ಕಾಯಿಲಿನ (ಬಿಸಿಯಾಗುವ ತಂತಿಸುರುಳಿ) ನಡುವೆ ಎಲ್ಲೋ ನೀರು ತಾಗುತ್ತಿದೆ, ಒಂದು ತುದಿಯಿಂದ ಶೇಕಡ 40ರಷ್ಟು ದೂರದಲ್ಲಿ. ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಇದು. ನೀರು ಸಾಕಷ್ಟು ಬಿಸಿಯಾದಾಗ ಹೀಟರನ್ನು ಆಫ್ ಮಾಡುವ ಥರ್ಮೋಸ್ಟಾಟ್ ಕತ್ತರಿಸುವುದು ಒಂದೇ ವೈರನ್ನು. ಪ್ಲಗ್ ತಿರುಗುಮುರುಗು ಆಗಿ ಆ ವೈರು ನ್ಯೂಟ್ರಲ್ ಆಗಿದ್ದರೆ, ನೀರು ಬಿಸಿಯಾಗಿ ಹೀಟರಿನ ಕೆಂಪು ದೀಪ ಆರಿದ ಮೇಲೆ ಇಡೀ ಕಾಯಿಲಿಗೆ ಪೂರ್ತಿ 230 ಸಿಗುತ್ತದೆ. ದೀಪ ಆರಿದೆ, ಈಗ ಕೈ ಹಾಕಬಹುದು ಅಂದುಕೊಳ್ಳುವ ಹೊತ್ತಿಗೇ ನೀರು ಅತಿ ಕೆಟ್ಟ ಸ್ಥಿತಿಯಲ್ಲಿರುತ್ತದೆ. ಒಮ್ಮೆ ಜುಮ್ ಅಂದು ಇನ್ನೊಮ್ಮೆ ಅನ್ನದೇ ಇರುವುದಕ್ಕೂ ಇದೇ ಕಾರಣ.

ಹೀಟರನ್ನು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಗಾಜಿನ ಕೊಳವೆಯ ಹೊರಗೆಲ್ಲ ಬೋರ್‌ವೆಲ್ ನೀರಿನ ಬಿಳಿ ಕರೆ. ಒರೆಸಿದ ಮೇಲೂ ಒಳಗೆ ಮಂಜು ಹಾಗೇ ಇತ್ತು. ಹೀಟರನ್ನು ಟ್ಯಾಂಕಿಗೆ ಅಂಟಿಸುವ ಸಕ್ಷನ್ ಕಪ್ ಕಚ್ಚಿಕೊಂಡಿದ್ದ ಜಾಗದ ಅಡಿಯಲ್ಲಿ, ಓರೆಯಾಗಿ ಹಿಡಿದರೆ ಮಾತ್ರ ಕಾಣುವಂಥ ಒಂದು ಗೆರೆ. ಕೊಳವೆಯನ್ನು ವಾಲಿಸಿದರೆ ಒಂದು ಹನಿ ಆ ಕಡೆಯಿಂದ ಈ ಕಡೆ ಉರುಳುತ್ತಿತ್ತು. ವೈರ್ ಕತ್ತರಿಸಿಯೇ ಕಸಕ್ಕೆ ಹಾಕಿದೆ. ಇಲ್ಲವಾದರೆ ಯಾರಾದರೂ ಆರಿಸಿಕೊಂಡು ಹೋಗಿ ಮತ್ತೆ ಹಾಕಿಕೊಳ್ಳುತ್ತಾರೆ.

ಮೀನುಗಳಿಗೆ ಏನೂ ಆಗಿರಲಿಲ್ಲ. ನೀರು ಎಲ್ಲ ಕಡೆ ಒಂದೇ ವೋಲ್ಟೇಜಿನಲ್ಲಿದ್ದು, ಕರೆಂಟು ಹೊರಗೆ ಹೋಗಲು ದಾರಿ ಇಲ್ಲದಿದ್ದರೆ, ಮೀನಿನ ಮೈಯೊಳಗೆ ಹರಿಯುವುದಕ್ಕೆ ಏನೂ ಇರುವುದಿಲ್ಲ. ಹಾಗಾಗಿ ಮೀನು ಆರಾಮಾಗಿದೆ ಅಂತ ನಂಬಿ ಕೈ ಹಾಕುವುದು ಬೇಡ.

ಶಿವಾಜಿನಗರದಲ್ಲಿ ಹೊಸ ಹೀಟರ್ ಕೊಳ್ಳುವಾಗ ಅಂಗಡಿಯವರು ಟೈಟಾನಿಯಂ ಅರ್ಥಿಂಗ್ ಕಡ್ಡಿ ತೋರಿಸಿದರು. "ಇದನ್ನ ನೀರಲ್ಲಿ ಬಿಡಿ ಮೇಡಂ, ಶಾಕ್ ಹೊಡೆಯಲ್ಲ." ಅರ್ಧ ಸತ್ಯ. ಕಡ್ಡಿ ಹಾಕಿದರೆ ಸೋರಿದ ಕರೆಂಟಿಗೆ ದಾರಿ ಸಿಗುತ್ತದೆ, ಅದು ದಿನವಿಡೀ ನೀರಿನ ಮೂಲಕ ಹರಿಯುತ್ತಿರುತ್ತದೆ. ಮೀಟರ್ ಬೋರ್ಡಿನಲ್ಲಿರುವ ಎಂಸಿಬಿ ಸ್ವಿಚ್ಚು ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ಬೀಳುವುದು ಓವರ್‌ಲೋಡಿಗೆ, ಶಾರ್ಟಿಗೆ. ಕಡ್ಡಿಗೆ ಬೆಲೆ ಬರುವುದು ಆರ್‌ಸಿಸಿಬಿ ಅನ್ನುವ, ಸೋರಿಕೆ ಹಿಡಿಯುವ ಸ್ವಿಚ್ಚು ಇದ್ದರೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ನೋಡುತ್ತಿರುತ್ತದೆ. 30 ಮಿಲಿಆಂಪಿನಷ್ಟು ಕಾಣೆಯಾದರೆ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿದುಬಿಡುತ್ತದೆ. ಹಾಗಂತ ನಮ್ಮ 4.6ಕ್ಕೆ ಅದು ಬೀಳುತ್ತಿರಲಿಲ್ಲ. ಕೆಟ್ಟ ಹೀಟರನ್ನು ಇಟ್ಟುಕೊಂಡು ಆರ್‌ಸಿಸಿಬಿ ಇದೆಯಲ್ಲ ಅನ್ನುವಂತಿಲ್ಲ.

ಓನರ್ ಅಂಕಲ್‌ಗೆ ಹೇಳಿದೆ. "ಮೂವತ್ತು ವರ್ಷದಿಂದ ಯಾರಿಗೂ ಏನೂ ಆಗಿಲ್ಲಮ್ಮ" ಅಂದರು. ಬಂದ ಎಲೆಕ್ಟ್ರಿಷಿಯನ್, ಅರ್ಥ್ ಇಲ್ಲದ ಮನೆಗೆ ಆರ್‌ಸಿಸಿಬಿ ಹಾಕಿದರೂ ಪ್ರಯೋಜನ ಇಲ್ಲ ಅಂದ. ಅದು ತಪ್ಪು. ಆರ್‌ಸಿಸಿಬಿ ಅಳೆಯುವುದು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೇ. ಅರ್ಥ್ ಇಲ್ಲದಿದ್ದರೆ ಸೋರಿಕೆ ಮನುಷ್ಯನ ಮೈ ಮೂಲಕ ಹೋದಾಗಲೇ ಬೀಳುತ್ತದೆ. ಅರ್ಥ್ ಇದ್ದರೆ ಅದಕ್ಕೂ ಮೊದಲೇ ಬೀಳಬಹುದು. ಎರಡೂ ಇರಲಿ ಅಂತ ಹಟ ಹಿಡಿದೆ. ಹಾಲ್‌ನ ಬೋರ್ಡ್ ಬಿಚ್ಚಿದರೆ ಒಳಗೆ ಬಂದಿದ್ದದ್ದು ಎರಡೇ ವೈರು. ಗೀಸರ್ ಲೈನಿನಿಂದ ಹಸಿರು ವೈರ್ ಎಳೆಸಿ, ಸಂಪ್ ಪಕ್ಕದ ಅರ್ಥ್ ಗುಂಡಿಗೆ ನೀರು ಹಾಕಿಸಿದ್ದಾಯಿತು.

ಈಗ ಟ್ಯಾಂಕಿನ ವೈರುಗಳು ಸಾಕೆಟ್‌ಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರುತ್ತವೆ. ವೈರಿನ ಮೇಲೆ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಪ್ಲಗ್‌ಗೆ ಹೋಗುವುದಿಲ್ಲ. ಕೈ ಹಾಕುವ ಮೊದಲು ಬೋರ್ಡಿನ ಪ್ಲಗ್ಗನ್ನೇ ಕೀಳುವುದು ಮನೆಯ ಕಾನೂನು. ಖರ್ಚಿನಲ್ಲಿ ಅರ್ಧ ಕೊಡುತ್ತೇನೆ ಅಂತ ಓನರ್ ಅಂಕಲ್ ಒಪ್ಪಿದ್ದಾರೆ, ಬಾಡಿಗೆಯಲ್ಲಿ ಮುರಿದುಕೊಳ್ಳುವುದಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ.