ಬ್ಯಾಡಗಿಯ ಎಲ್‌ಇಡಿ ಪರದೆಯಲ್ಲಿ ಕೆಡುತ್ತಿದ್ದ ಎಸ್‌ಎಂಪಿಎಸ್‌ಗಳು

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಅಂಗಡಿಯ ಎಲ್‌ಇಡಿ ಪರದೆಯಲ್ಲಿ ಎಸ್‌ಎಂಪಿಎಸ್‌ಗಳು, ಅಂದರೆ ಲೈನಿನ ಕರೆಂಟನ್ನು ಎಲ್‌ಇಡಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿಕೊಡುವ ಪೆಟ್ಟಿಗೆಗಳು, ಪದೇ ಪದೇ ಕೆಡುತ್ತಿದ್ದವು. ನನ್ನನ್ನು ಹುಬ್ಬಳ್ಳಿಯಿಂದ ಕರೆಸಿಕೊಂಡ ಅವರ ಮೊದಲ ಮಾತೇ, "ಎಲ್ಲಾ ಡೂಪ್ಲಿಕೇಟ್ ಮಾಲ್ ಅದಾವ್ರಿ ಸರ, ಛಲೋ ಕಂಪನಿದು ಹಾಕಿಕೊಡ್ರಿ" ಎಂಬುದು. ದುಬಾರಿ ಮಾಲು ಕೂರಿಸಿ ಹಣ ಎಣಿಸಿಕೊಂಡು ಬರುವುದು ನನಗೂ ಸುಲಭವೇ ಇತ್ತು. ಆದರೆ ಕೆಟ್ಟವುಗಳನ್ನು ಬಿಚ್ಚಿ ನೋಡಿದಾಗ ಫ್ಯೂಸ್ ಸರಿಯಾಗಿಯೇ ಇದ್ದು, ಔಟ್‌ಪುಟ್ ಬದಿಯಲ್ಲಿ ವೋಲ್ಟೇಜನ್ನು ಸಮವಾಗಿಡುವ ಕೆಪಾಸಿಟರ್‌ಗಳ ತಲೆ ಮಾತ್ರ ಉಬ್ಬಿತ್ತು. ಲೈನಿನಲ್ಲಿ ವೋಲ್ಟೇಜ್ ಏರಿ ಕೆಟ್ಟಿದ್ದರೆ ಸಾಮಾನ್ಯವಾಗಿ ಫ್ಯೂಸ್, ವ್ಯಾರಿಸ್ಟರ್ ಅಥವಾ ಮಾಸ್‌ಫೆಟ್‌ನಂಥ ಇನ್‌ಪುಟ್ ಬದಿಯ ಭಾಗಗಳು ಮೊದಲು ಹೋಗುತ್ತವೆ. ಇಲ್ಲಿ ಕೆಲಸ ಕೆಡಿಸಿದ್ದು ಶಾಖ.

ಪಡುವಣ ಬಿಸಿಲಿಗೆ ಮುಖ ಮಾಡಿದ್ದ ಆ ಪರದೆಯ ಹಿಂಬಾಗಿಲನ್ನು ಮಧ್ಯಾಹ್ನ ತೆರೆದಾಗ ತಗಡಿನ ಮೇಲೆ ಕೈ ಇಡಲಾಗಲಿಲ್ಲ. ಗಾಳಿ ಹೊರಹಾಕುವ ಫ್ಯಾನ್‌ಗಳು ಮೆಣಸಿನಕಾಯಿಯ ಕೆಂಪು ಧೂಳು ಹಿಡಿದು ನಿಂತೇ ಹೋಗಿದ್ದವು. ಅದನ್ನು ಒರೆಸುವಾಗ ಸೀನು ತಡೆಯಲಾಗದೆ ಏಣಿಯಿಂದ ಕೆಳಗಿಳಿದು ಬಂದೆ. 200 ವ್ಯಾಟ್ ಕೊಡುವ ಎಸ್‌ಎಂಪಿಎಸ್‌ನ ದಕ್ಷತೆ ಶೇ. 85 ಎಂದು ಹಿಡಿದರೂ ಸುಮಾರು 35 ವ್ಯಾಟ್ ಶಾಖ ಅದರೊಳಗೇ ಉಳಿಯುತ್ತದೆ. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ನ ಆಯುಷ್ಯವಂತೂ ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಅದರ ಮೇಲೆ ಹೊರೆಯೂ ಮಿತಿಮೀರಿತ್ತು. 5 ವೋಲ್ಟ್, 40 ಆಂಪಿಯರ್‌ನ ಒಂದೊಂದು ಎಸ್‌ಎಂಪಿಎಸ್‌ಗೂ ಎಂಟೆಂಟು ಪಿ10 (ಚುಕ್ಕೆಯಿಂದ ಚುಕ್ಕೆಗೆ 10 ಮಿ.ಮೀ. ಅಂತರದ) ಬಣ್ಣದ ಮಾಡ್ಯೂಲ್‌ಗಳನ್ನು, ಅಂದರೆ ಪರದೆಯ ಬಿಡಿ ಹಲಗೆಗಳನ್ನು, ಜೋಡಿಸಿದ್ದರು. ಬಿಳಿ ಬಣ್ಣ ಮೂಡಬೇಕಾದರೆ ಕೆಂಪು, ಹಸಿರು, ನೀಲಿ ಮೂರೂ ಎಲ್‌ಇಡಿಗಳು ಒಟ್ಟಿಗೆ ಉರಿಯಬೇಕು, ಹಾಗಾಗಿ ಕರೆಂಟೂ ಹೆಚ್ಚು ಬೇಕು. ಸಾಹುಕಾರರ ಜಾಹೀರಾತೋ, ಅಚ್ಚ ಬಿಳಿಯ ಹಿನ್ನೆಲೆಯಲ್ಲಿ ಒಂದು ರಾಶಿ ಕೆಂಪು ಮೆಣಸಿನಕಾಯಿ! ಸಾಲದ್ದಕ್ಕೆ ತೆಳು ವೈರಿನಿಂದಾಗಿ ಕೊನೆಯ ಮಾಡ್ಯೂಲಿಗೆ ವೋಲ್ಟೇಜ್ ಸಾಲದೆ ಬಣ್ಣ ಕೆಂಪಗಾಗುತ್ತಿತ್ತು. ಹಿಂದಿನ ಕೆಲಸಗಾರ ವೈರು ಬದಲಿಸುವ ಬದಲು ಎಸ್‌ಎಂಪಿಎಸ್‌ನ ತಿರುಪು ತಿರುಗಿಸಿ ಔಟ್‌ಪುಟ್ ವೋಲ್ಟೇಜ್ ಏರಿಸಿಟ್ಟು, ಹೊರೆಯನ್ನು ಇನ್ನಷ್ಟು ಹೆಚ್ಚಿಸಿದ್ದ. ಇಂಥ ಜಾಣತನ ಪರದೆಗಳಲ್ಲಿ ಬಹಳ ಕಾಣಸಿಗುತ್ತದೆ, ನನಗೆ ಅದು ಸಿಟ್ಟು ತರಿಸುತ್ತದೆ.

ಒಂದು ಎಸ್‌ಎಂಪಿಎಸ್‌ಗೆ ನಾಲ್ಕೇ ಮಾಡ್ಯೂಲ್ ಎಂದು ಹಂಚಿ, ದಪ್ಪ ತಾಮ್ರದ ವೈರು ಎಳೆದು, ಪೂರ್ಣ ಬೆಳಕಿನಲ್ಲಿ ಕೊನೆಯ ಮಾಡ್ಯೂಲಿನ ಬಳಿಯೇ ಮೀಟರ್ ಹಿಡಿದು ವೋಲ್ಟೇಜ್ ನೋಡಿಕೊಂಡೆ. ಹೊಸ ಫ್ಯಾನ್‌ಗಳ ಮುಂದೆ ಬಿಚ್ಚಿ ತೊಳೆಯಬಹುದಾದ ಜಾಳಿಗೆ ಹಾಕಿದೆ. ಹಿನ್ನೆಲೆಯನ್ನು ಕಪ್ಪಾಗಿಸೋಣ ಎಂಬ ಸಲಹೆಯನ್ನು ಮಾತ್ರ ಸಾಹುಕಾರರು ಒಪ್ಪಲಿಲ್ಲ: "ಕರೀದ್ರಾಗ ಮೆಣಸಿನಕಾಯಿ ಎದ್ದು ಕಾಣಂಗಿಲ್ರಿ." ವ್ಯಾಪಾರದ ಕಣ್ಣು ಅವರದು, ರಾತ್ರಿಯಾದರೂ ಬೆಳಕು ತಗ್ಗಲಿ ಎಂದು ಕಂಟ್ರೋಲರ್‌ನಲ್ಲಿ ಸಮಯ ಹೊಂದಿಸಿ, ಜಾಳಿಗೆ ತೊಳೆಯುವುದನ್ನು ಅಂಗಡಿಯ ಹುಡುಗನಿಗೆ ತೋರಿಸಿಕೊಟ್ಟು ಹೊರಟೆ.