ಹತ್ತು ಸೆಕೆಂಡಿನ ಬಾದಾಮಿ ಮರ

ನಮ್ಮ ಬಳ್ಳಾರಿಯಲ್ಲಿ ಎಲೆ ಉದುರುವುದು ಚಳಿ ಬರುವಾಗ ಅಲ್ಲ, ಹೋಗುವಾಗ. ಶಿವರಾತ್ರಿಯ ಹೊತ್ತಿಗೆ ಮನೆ ಮುಂದಿನ ಕಾಡುಬಾದಾಮಿ ಕೆಂಪೇರಿ, ಅಂಗಳವನ್ನು ದಿನಕ್ಕೆರಡು ಸಲ ಗುಡಿಸುವಂತೆ ಮಾಡುತ್ತದೆ. ಈ ಸಲ ಪೊರಕೆಗೆ ಸಿಗುವ ಮೊದಲೇ ಒಂದು ಬುಟ್ಟಿ ಎಲೆ ಎತ್ತಿಟ್ಟುಕೊಂಡೆ. ಫೋಟೊಗಳನ್ನು ಒಂದರ ಹಿಂದೊಂದು ಓಡಿಸಿ ಚಲಿಸುವಂತೆ ತೋರಿಸುವ ಅನಿಮೇಷನ್ ಮಾಡುವ ಹುಚ್ಚು.

ಸೆಕೆಂಡಿಗೆ 24 ಚೌಕಟ್ಟು, ಅಂದರೆ 24 ಚಿತ್ರ. ಒಂದೊಂದು ಚಿತ್ರವನ್ನು ಎರಡೆರಡು ಬಾರಿ ಬಳಸಿದರೆ 12 ಫೋಟೊ ಸಾಕು. ಫೋಟೊಗೊಂದು ಎಲೆಯಂತೆ ಹತ್ತು ಸೆಕೆಂಡಿಗೆ 120 ಎಲೆ. ಹಸಿರು, ಹಳದಿ, ಕಿತ್ತಳೆ, ಕೆಂಪು, ಕಂದು ಎಂದು ಸಾಲು ಹಚ್ಚಿ, ಹಲಗೆಯ ಮೇಲಿನ ಸುಣ್ಣದ ಚುಕ್ಕೆಗೆ ತೊಟ್ಟು ತಾಗುವಂತೆ ಒಂದನ್ನು ತೆಗೆದು ಇನ್ನೊಂದನ್ನು ಇಡುತ್ತಾ ಹೋದೆ. ಮೊಬೈಲನ್ನು ಸ್ಟೂಲಿಗೆ ಕಟ್ಟಿದ್ದೆ. ಫ್ಯಾನ್ ಹಾಕುವಂತಿಲ್ಲ, ಅದೂ ಬಳ್ಳಾರಿಯಲ್ಲಿ! ಅಮ್ಮ ಮರೆತು ಸ್ವಿಚ್ ಒತ್ತಿದರು. ನಲವತ್ತೇಳನೆಯ ಎಲೆ ಮಂಚದ ಕೆಳಗೆ ಸಿಕ್ಕಿತು.

ಬೆಳಗ್ಗೆ ಚಪ್ಪಟೆಯಾಗಿದ್ದ ಎಲೆಗಳು ಮಧ್ಯಾಹ್ನಕ್ಕೆ ದೋಣಿಯಂತೆ ಮಡಚಿಕೊಂಡವು. ಕೆಟ್ಟಿತು ಎಂದುಕೊಂಡೆ. ಓಡಿಸಿ ನೋಡಿದರೆ ಒಂದೇ ಎಲೆ ಮೈಮುರಿದು ಮುದುಡುತ್ತಿರುವಂತೆ ಕಂಡಿತು.

ಹಳದಿ ಮೊದಲಿನಿಂದಲೂ ಎಲೆಯೊಳಗೇ ಇರುತ್ತದೆ, ಹಸಿರು ಸರಿದಾಗ ಕಾಣುತ್ತದೆ ಅಷ್ಟೆ. ಕೆಂಪನ್ನು ಮಾತ್ರ ಎಲೆ ಕೊನೆಗಾಲದಲ್ಲಿ ಹೊಸದಾಗಿ ತಯಾರಿಸುತ್ತದೆ. ಹೊರಡುವ ಮುನ್ನ ಯಾಕಿಷ್ಟು ಖರ್ಚೋ ಎಂದು ಸುಮ್ಮನೆ ಯೋಚಿಸುತ್ತಾ ಕುಳಿತಿದ್ದೆ.

ಅಮ್ಮ ಮೊಬೈಲಿನಲ್ಲಿ ಎರಡು ಸಲ ನೋಡಿದರು. "ಎರಡು ದಿನ ಕೂತಿದ್ದಕ್ಕೆ ಇಷ್ಟೇನಾ?" ಎಂದರು. ಆಮೇಲೆ ಮೂರನೇ ಸಲ ಒತ್ತಿದರು.